ಆಕೆ ಅಲ್ಲಿಗೆ ಯಾಕೆ ಹೋದಳು?



ಗಂಡನ ಕೈಲಿ ಹೊಡೆತ ತಿಂದು ಬಂದವಳನ್ನು ಊರು ಮೊದಲು ಕೇಳುವುದು ಒಂದೇ ಪ್ರಶ್ನೆ: "ನೀನು ಏನಂದೆ?" ಕೆಲಸದ ಜಾಗದಲ್ಲಿ ಅವಮಾನಪಟ್ಟವಳಿಗೆ ಅದರದೇ ತಂಗಿಯಂಥ ಪ್ರಶ್ನೆ: "ನೀನು ಅಲ್ಲಿಗೆ ಯಾಕೆ ಹೋದೆ?"

ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯ ಕಬಡ್ಡಿ ಪಂದ್ಯದಲ್ಲಿ ಇದನ್ನು ನಾನೇ ಕಿವಿಯಾರೆ ಕೇಳಿದೆ. ಪತ್ರಿಕೆಗೆ ಸುದ್ದಿ ಬರೆಯುವ ಹುಡುಗಿಯೊಬ್ಬಳು ಗೆದ್ದ ತಂಡದ ನಾಯಕನನ್ನು ಮಾತಾಡಿಸಲು ಆಟಗಾರರ ಶಾಮಿಯಾನದ ಬಳಿ ಹೋದಳು. "ಆಟ ನೋಡೋಕೆ ಬಂದ್ಯೋ, ನಮ್ಮನ್ನ ನೋಡೋಕೋ?" ಅಂದ ಒಬ್ಬ. ಉಳಿದವರು ನಕ್ಕರು. ಸಂಘಟಕರು ಓಡಿಬಂದು ಬುದ್ಧಿ ಹೇಳಿದ್ದು ಯಾರಿಗೆ? ಹುಡುಗಿಗೆ! "ಗಂಡಸರು ಬಟ್ಟೆ ಬದಲಿಸೋ ಜಾಗ ಕಣಮ್ಮ." ಅದೇ ಶಾಮಿಯಾನದೊಳಗೆ ಇಬ್ಬರು ಗಂಡು ವರದಿಗಾರರು ಕೂತು ಕಾಫಿ ಕುಡಿಯುತ್ತಿದ್ದರು.

ಇದು ಹಳ್ಳಿಗಾಡಿನ ಒರಟುತನ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1977ರಲ್ಲಿ ಮೆಲಿಸ್ಸಾ ಲುಡ್ಕಿ ಎಂಬ ವರದಿಗಾರ್ತಿಯನ್ನು ಬೇಸ್‌ಬಾಲ್ ಆಟಗಾರರ ಕೋಣೆಗೆ ಬಿಡಲಿಲ್ಲ. ಸುದ್ದಿ ಸಿಗುವುದೇ ಆ ಕೋಣೆಯಲ್ಲಿ. ಗಂಡಸರು ಒಳಗೆ, ಆಕೆ ಹೊರಗೆ. ಆಕೆಯ ಕಡೆಯವರು ಕೋರ್ಟಿಗೆ ಹೋದರು. 1978ರಲ್ಲಿ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಆಕೆಯ ಪರ ತೀರ್ಪು ಕೊಟ್ಟರು. ಮಾನದ ಪ್ರಶ್ನೆಯೇ ಆದರೆ ಒಂದು ಪರದೆ, ಒಂದು ಟವೆಲಿಗೆ ಬರವೇ? 1990ರಲ್ಲಿ ಬಾಸ್ಟನ್ ಪತ್ರಿಕೆಯ ಲೀಸಾ ಓಲ್ಸನ್ ಅಲ್ಲಿನ ಫುಟ್‌ಬಾಲ್ ತಂಡದ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಾಗ ಆಟಗಾರರು ಬೆತ್ತಲೆ ನಿಂತು ಅಸಹ್ಯವಾಗಿ ಮಾತಾಡಿದರು. ತನಿಖೆಯಾಯಿತು, ದಂಡ ಬಿತ್ತು. ಆದರೆ ಬೆದರಿಕೆ ಬಂದದ್ದು ಆಕೆಗೆ. ಕೊನೆಗೆ ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದವಳೂ ಆಕೆಯೇ. ಪೆಟ್ಟು ತಿಂದವಳೇ ಟ್ರಂಕು ಹಿಡಿದು ತವರಿಗೆ ನಡೆಯುವುದು ನಮಗೇನು ಹೊಸದೇ?

ಅದೇ ಆಸ್ಟ್ರೇಲಿಯಾದಲ್ಲಿ 2016ರ ಜನವರಿಯಲ್ಲಿ ಕ್ರಿಸ್ ಗೇಲ್, ಟಿ.ವಿ. ನೇರ ಪ್ರಸಾರದಲ್ಲೇ ವರದಿಗಾರ್ತಿ ಮೆಲ್ ಮೆಕ್‌ಲಾಕ್ಲಿನ್ ಕಣ್ಣುಗಳನ್ನು ಹೊಗಳಿ, ಆಟ ಮುಗಿದ ಮೇಲೆ ಕುಡಿಯಲು ಹೋಗೋಣವೆಂದು, ನಾಚಬೇಡ ಅಂದ. ಆಕೆ ಕೇಳಿದ್ದು ಬ್ಯಾಟಿಂಗ್ ಬಗ್ಗೆ. ಅವನ ತಂಡ 10,000 ಡಾಲರ್ ದಂಡ ಹಾಕಿತು. ಅವನೋ, ಬರೀ ತಮಾಷೆ ಅಂದ. ಅದೇ ವರ್ಷ ಬೆಂಗಳೂರು ತಂಡಕ್ಕೆ ಆಡಿದಾಗ ನಮ್ಮ ಮನೆಗಳಲ್ಲೂ ಶಿಳ್ಳೆ. ಸಿಕ್ಸರಿಗೆ ಶಿಳ್ಳೆ ಹೊಡೆಯಲಿ, ನನ್ನ ತಕರಾರಿಲ್ಲ. ನನ್ನ ತಕರಾರು ಆ 'ತಮಾಷೆ' ಎಂಬ ಮಾತಿನ ಮೇಲೆ. ವರದಕ್ಷಿಣೆ ಸಾಲದೆಂದು ಸೊಸೆಯನ್ನು ದಿನಾ ಹಂಗಿಸಿದವರೂ ಪೊಲೀಸರ ಮುಂದೆ ಇದೇ ಮಾತು ಆಡುತ್ತಾರೆ. ಬೇಲೂರಿನ ಮದನಿಕೆಯರ ಎದುರು ನಿಂತು ಕಣ್ಣು, ನಡು ಅಂತ ಎಷ್ಟು ಬೇಕಾದರೂ ವರ್ಣಿಸಲಿ, ಅವು ಕಲ್ಲು. ಮೈಕು ಹಿಡಿದವಳು ಕೆಲಸಕ್ಕೆ ಬಂದವಳು.

ಕಾನೂನೂ ಹಾಗೇ ಹೇಳುತ್ತದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಬಂದ ಕಾಯಿದೆಯ ಪ್ರಕಾರ ಕ್ರೀಡಾಂಗಣ, ಪಂದ್ಯ ನಡೆಯುವ ಜಾಗ, ಕೆಲಸದ ಮೇಲೆ ಹೋದ ಯಾವುದೇ ಜಾಗ ಕೆಲಸದ ಸ್ಥಳವೇ. 10 ಜನ ಅಥವಾ ಹೆಚ್ಚು ಕೆಲಸಗಾರರಿದ್ದರೆ ಅಲ್ಲೇ ಆಂತರಿಕ ಸಮಿತಿ ಇರಬೇಕು. ಕಡಿಮೆಯಿದ್ದರೆ, ಇಲ್ಲವೇ ದೂರು ಮಾಲೀಕನ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿ ಕೇಳಬೇಕು. 3 ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಿ. ಬರೆಯಲು ಬಾರದವಳಿಗೆ ಸಮಿತಿಯೇ ನೆರವಾಗಬೇಕು. ಮನೆಗೆಲಸದವಳಿಗೂ ಈ ಹಕ್ಕಿದೆ.

ಪಂದ್ಯದ ಚಂದಾಕ್ಕೆ ಸಂಘದ ಬಾಗಿಲಿಗೇ ಬರುತ್ತಾರೆ, ಅಡುಗೆಗೂ ನಮ್ಮನ್ನೇ ಕರೆಯುತ್ತಾರೆ. ಈ ಸಲ ರಸೀದಿ ಹರಿಯುವ ಮುಂಚೆ ಕೇಳೋಣ: ವರದಿಗಾರ್ತಿ ಬಂದರೆ ಎಲ್ಲಿ ಕೂರಿಸುತ್ತೀರಿ? ಯಾರಾದರೂ ಕೀಳು ಮಾತಾಡಿದರೆ ಹೊರಗೆ ಕಳಿಸುವುದು ಯಾರನ್ನು? ಉತ್ತರ ಬರುವವರೆಗೆ ಚಂದಾ ಇಲ್ಲ. ನಮ್ಮ ಸಂಘದ ನಡಾವಳಿ ಪುಸ್ತಕದಲ್ಲಿ ಹೀಗೆ ಬರೆದು ಎಲ್ಲರೂ ಸಹಿ ಹಾಕಿದ್ದೇವೆ. ಇಬ್ಬರದು ಹೆಬ್ಬೆಟ್ಟು.