ಬಾರ್‌ಕೋಡ್ ಯಾರ ಹೆಸರಲ್ಲಿದೆ ಅಂತ ಮೊದಲು ಕೇಳ್ರಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಿನಲ್ಲಿ ಎಲ್ಲಿ ನಾಲ್ಕು ಜನ ರೈತರು ಕೂತರೂ ಈಗ ಒಂದು ಮಾತು ಬಂದೇ ಬರುತ್ತೆ. "ದಲಾಲಿ ಅಂಗಡಿಗೆ ಹಾಕಿ ಹಾಕಿ ಸಾಕಾತು, ನಾವಾ ಪ್ಯಾಕ್ ಮಾಡಿ ಆನ್‌ಲೈನ್‌ನಾಗ ಮಾರೋಣ" ಅಂತ. ಬೀಜ ತೆಗೆದ ಹುಣಸೆಹಣ್ಣು, ಜೋಳದ ಹಿಟ್ಟು, ನವಣೆ ಅಕ್ಕಿ, ಖಡಕ್ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಾಣದ ಎಣ್ಣೆ, ಹೀಗೆ ನಮ್ಮಲ್ಲಿ ಪ್ಯಾಕ್ ಮಾಡಿ ಮಾರುವ ಮಾಲಿಗೆ ಬರ ಇಲ್ಲ. ಮಾತು ಅಲ್ಲಿವರೆಗೆ ಚೆನ್ನಾಗಿ ನಡೆದು ಬಂದು, "ಬಾರ್‌ಕೋಡ್ ಬೇಕಂತಲ್ಲ" ಅನ್ನೋ ಕಡೆ ನಿಂತುಬಿಡುತ್ತೆ. ಒಬ್ಬರು ಸರ್ಕಾರದ ಕಾಯ್ದೆ ಅಂತಾರೆ, ಇನ್ನೊಬ್ಬರು ಇನ್ನೂರು ರೂಪಾಯಿಗೆ ಸಿಗುತ್ತೆ ಅಂತಾರೆ, ಮತ್ತೊಬ್ಬರು "ಬಾರ್‌ಕೋಡ್ ನಂದು ಹಾಕ್ತೀನಿ, ನೀವು ಮಾಲು ಅಷ್ಟೇ ಕಳಿಸ್ರಿ" ಅನ್ನೋ ವ್ಯಾಪಾರಿಯ ಫೋನ್ ನಂಬರ್ ಕೊಡ್ತಾರೆ. ಈ ಮೂರನೆಯ ಮಾತೇ ನನಗೆ ಹೆಚ್ಚು ಚಿಂತೆ. ಯಾಕೆ ಅಂತ ಹೇಳೋಕೆ ಮುಂಚೆ ಬಾರ್‌ಕೋಡ್ ಅಂದ್ರೆ ಏನು ಅನ್ನೋದು ಬಿಡಿಸಿ ಹೇಳ್ತೀನಿ.

ನಮ್ಮ ಎಮ್ಮೆ, ಆಕಳ ಕಿವಿಗೆ ಪಶು ಇಲಾಖೆಯವರು ಹಳದಿ ಓಲೆ ಹಾಕಿ ಹೋಗಿದಾರಲ್ಲ, ಅದರಲ್ಲಿ 12 ಅಂಕಿಯ ನಂಬರ್ ಇದೆ, ಜೊತೆಗೆ ಕಪ್ಪು ಗೆರೆಗಳೂ ಇವೆ. ಕೆಲಸದ್ದು ಆ ನಂಬರು. ಮಷೀನು ಬೇಗ ಓದಲಿ ಅಂತ ಅದನ್ನೇ ಗೆರೆಯಲ್ಲಿ ಬರೆದಿದಾರೆ, ಅಷ್ಟೇ. ಎಮ್ಮೆ ಯಾರದು, ಯಾವ ತಳಿ, ಯಾವ ಲಸಿಕೆ ಆಗಿದೆ ಅನ್ನೋದು ಓಲೆಯಲ್ಲಿಲ್ಲ, ಇಲಾಖೆಯ ಕಂಪ್ಯೂಟರಲ್ಲಿದೆ. ಪೊಟ್ಟಣದ ಮೇಲಿನ ಬಾರ್‌ಕೋಡೂ ಹಂಗೇ. ಅದರಲ್ಲಿ ಸಾಮಾನ್ಯವಾಗಿ 13 ಅಂಕಿ ಇರ್ತವೆ. ಆ ನಂಬರಿಗೆ ಜಿಟಿಐಎನ್ ಅಂತಾರೆ. ಬೆಲೆ, ತೂಕ, ಊರು ಯಾವುದೂ ಗೆರೆಯೊಳಗಿಲ್ಲ.

ಈ ನಂಬರು ಕೊಡೋ ಸಂಸ್ಥೆಯ ಹೆಸರು ಜಿಎಸ್‌1. ನಮ್ಮ ದೇಶದಲ್ಲಿ ಜಿಎಸ್‌1 ಇಂಡಿಯಾ, 1996ರಿಂದ ಇದೆ. ಕೇಂದ್ರ ವಾಣಿಜ್ಯ ಸಚಿವಾಲಯ ಮತ್ತು ಉದ್ಯಮ ಸಂಘಗಳು ಸೇರಿ ಕಟ್ಟಿದ್ದು. ಇಲ್ಲಿ ಕೊಡುವ ನಂಬರು 890ರಿಂದ ಶುರುವಾಗುತ್ತೆ. ಆಮೇಲೆ ನಿಮ್ಮ ಕಂಪನಿಯ ಅಂಕಿಗಳು, ಆಮೇಲೆ ಆ ಸರಕಿನ ಅಂಕಿಗಳು, ಕೊನೆಯದು ತಾಳೆ ನೋಡುವ ಅಂಕಿ.

ತಾಳೆ ನೋಡೋದು ಕಷ್ಟ ಅಲ್ಲ, ಮಕ್ಕಳ ಕೈಲಿ ಮಾಡಿಸ್ರಿ. ಉದಾಹರಣೆಗೆ 890123456789 ಅಂತ 12 ಅಂಕಿ ಇಟ್ಕೊಳ್ರಿ. ಎಡದಿಂದ 1, 3, 5, 7, 9, 11ನೇ ಜಾಗದ ಅಂಕಿ ಕೂಡಿಸಿದ್ರೆ 28. ಉಳಿದ ಆರು ಅಂಕಿ ಕೂಡಿಸಿದ್ರೆ 34, ಅದನ್ನು ಮೂರರಿಂದ ಗುಣಿಸಿದ್ರೆ 102. ಎರಡೂ ಸೇರಿ 130. ಮುಂದಿನ ಹತ್ತಕ್ಕೆ ಎಷ್ಟು ಕಡಿಮೆ ಇದೆಯೋ ಅದೇ 13ನೇ ಅಂಕಿ. ಇಲ್ಲಿ ಏನೂ ಕಡಿಮೆ ಇಲ್ಲ, ಹಂಗಾಗಿ ಸೊನ್ನೆ. ಪ್ರೆಸ್‌ನಲ್ಲಿ ಒಂದು ಅಂಕಿ ತಪ್ಪಿ ಅಚ್ಚಾದ್ರೆ ಈ ಲೆಕ್ಕದಲ್ಲೇ ಸಿಕ್ಕಿಬೀಳುತ್ತೆ. ಸಾವಿರಾರು ಕವರ್ ಅಚ್ಚು ಹಾಕಿಸೋ ಮುಂಚೆ ಐದು ನಿಮಿಷದ ಕೆಲಸ.

ವಾಟ್ಸಾಪ್‌ನಲ್ಲಿ ಓಡಾಡೋ ಒಂದು ಸುಳ್ಳನ್ನೂ ಇಲ್ಲೇ ಮುಗಿಸೋಣ. "890 ಇದ್ರೆ ಭಾರತದ ಮಾಲು, 690 ಇದ್ರೆ ಚೀನಾದ ಮಾಲು" ಅಂತಾರಲ್ಲ, ಅದು ಹಂಗಲ್ಲ. ಆ ಮೂರು ಅಂಕಿ ನಂಬರು ಯಾವ ದೇಶದ ಜಿಎಸ್‌1 ಕಚೇರಿ ಕೊಟ್ಟಿದ್ದು ಅಂತ ಹೇಳ್ತವೆ, ಮಾಲು ಎಲ್ಲಿ ಬೆಳೆದದ್ದು ಅಂತ ಅಲ್ಲ. ಹೊರದೇಶದಿಂದ ತಂದ ಮಾಲನ್ನು ಇಲ್ಲಿಯ ಕಂಪನಿ ಪ್ಯಾಕ್ ಮಾಡಿದ್ರೂ 890 ಹಾಕಬಹುದು. ಕೂಡ್ಲಿಗಿ ಹುಣಸೆಹಣ್ಣನ್ನು ಪರದೇಶದ ಕಂಪನಿ ಕೊಂಡು ತನ್ನ ನಂಬರು ಹಾಕಿದ್ರೆ 890 ಇರೋದೇ ಇಲ್ಲ.

ಈಗ ಕಾಯ್ದೆಯ ವಿಚಾರ. ಬಾರ್‌ಕೋಡ್ ಕಡ್ಡಾಯ ಅಂತ ಹೇಳೋದು ಸರ್ಕಾರ ಅಲ್ಲ, ಮಾರುಕಟ್ಟೆ. ಸರ್ಕಾರ ಪೊಟ್ಟಣದ ಮೇಲೆ ಕೇಳೋದು ಬೇರೆ. 2011ರ ಪೊಟ್ಟಣ ಸಾಮಗ್ರಿ ನಿಯಮದ ಪ್ರಕಾರ ಪ್ಯಾಕ್ ಮಾಡಿದವರ ಹೆಸರು ವಿಳಾಸ, ಸರಕಿನ ಹೆಸರು, ನಿವ್ವಳ ತೂಕ, ತಿಂಗಳು ವರ್ಷ, ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ, ಗ್ರಾಂ ಅಥವಾ ಕೆಜಿ ಲೆಕ್ಕದ ಬೆಲೆ, ದೂರು ಹೇಳೋಕೆ ಫೋನ್ ನಂಬರ್, ಇಷ್ಟು ಇರಬೇಕು. ಪ್ಯಾಕ್ ಮಾಡೋರು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ತಿನ್ನೋ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು ಮತ್ತು ಹಸಿರು ಚುಕ್ಕಿ ಬೇಕು. ಹೊಲದ ಬೆಳೆಯನ್ನು ಹಂಗೇ ಮಾರೋ ರೈತ ಆ ಕಾಯ್ದೆಗೆ ಹೊರಗೆ. ಆದ್ರೆ ಬೀಸಿ, ಹುರಿದು, ಪ್ಯಾಕ್ ಮಾಡಿ ಹೆಸರು ಅಂಟಿಸಿದ ಮೇಲೆ ಒಳಗೆ ಬಂದ ಹಾಗೆ. ಜಿಎಸ್‌ಟಿ ಲೆಕ್ಕವೂ ನೋಡಬೇಕು. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಧಾನ್ಯ, ಹಿಟ್ಟಿಗೆ ಶೇ. 5 ತೆರಿಗೆ ಬಂತು. 2023ರ ಅಕ್ಟೋಬರ್ 1ರಿಂದ ಚಿಕ್ಕ ವ್ಯಾಪಾರದೋರು ರಾಜ್ಯದ ಒಳಗೆ ಮಾತ್ರ ಆನ್‌ಲೈನ್ ಮಾರಿದ್ರೆ ಪೂರಾ ಜಿಎಸ್‌ಟಿ ನೋಂದಣಿ ಬೇಡ, ಒಂದು ದಾಖಲಾತಿ ನಂಬರು ಸಾಕು ಅಂತ ರಿಯಾಯಿತಿ ಇದೆ. ಈ ಪಟ್ಟಿಯಲ್ಲಿ ಎಲ್ಲೂ ಬಾರ್‌ಕೋಡ್ ಇಲ್ಲ ಅನ್ನೋದು ಗಮನಿಸ್ರಿ. ಬಾರ್‌ಕೋಡ್ ಇದ್ದು ಇವು ಇಲ್ಲದ ಪೊಟ್ಟಣ ದಂಡಕ್ಕೆ ದಾರಿ. ಇವೆಲ್ಲ ಇದ್ದು ಬಾರ್‌ಕೋಡ್ ಇಲ್ಲದ ಪೊಟ್ಟಣವನ್ನು ಕೊಟ್ಟೂರು ಜಾತ್ರೆಯಲ್ಲೂ ಹೊಸಪೇಟೆ ಅಂಗಡಿಯಲ್ಲೂ ಧೈರ್ಯವಾಗಿ ಮಾರಬಹುದು.

ಹಂಗಾದ್ರೆ ಅಮೆಜಾನ್‌ನಂಥ ಮಾರುಕಟ್ಟೆ ಯಾಕೆ ಕೇಳುತ್ತೆ? ಲಕ್ಷಗಟ್ಟಲೆ ಸರಕಿನಲ್ಲಿ ಒಂದೇ ಸರಕು ಎರಡು ಸಲ ಪಟ್ಟಿಗೆ ಸೇರಬಾರದು, ಒಂದರ ಹೆಸರಲ್ಲಿ ಇನ್ನೊಂದು ಹೋಗಬಾರದು, ಅದಕ್ಕೆ. ಸ್ವಂತ ಹೆಸರಿನ ಮಾಲಿಗೆ ಬಾರ್‌ಕೋಡ್ ಇಲ್ಲ ಅಂದ್ರೆ ಜಿಟಿಐಎನ್ ವಿನಾಯಿತಿ ಕೇಳೋ ದಾರಿ ಅಲ್ಲೇ ಇದೆ. ಪೊಟ್ಟಣದ ಮೇಲೆ ಹೆಸರು ಅಚ್ಚಾಗಿರೋ ಫೋಟೊ ಕೇಳ್ತಾರೆ. ಹೊಸದಾಗಿ ಒಂದೆರಡು ಸರಕು ಹಾಕಿ ನೋಡೋರಿಗೆ ಇದು ಸಾಕು ಅನ್ನೋದು ನನ್ನ ಅಭಿಪ್ರಾಯ. ಮೊದಲ ವರ್ಷ ಗಿರಾಕಿ ಬರ್ತಾರೋ ಇಲ್ಲವೋ ನೋಡಿ, ಆಮೇಲೆ ದುಡ್ಡು ಹಾಕ್ರಿ. ಮಾಲನ್ನು ಅವರ ಗೋದಾಮಿನಲ್ಲಿ ಇಟ್ಟು ಮಾರೋದಾದ್ರೆ ಎಕ್ಸ್ ಅಕ್ಷರದಿಂದ ಶುರುವಾಗೋ ಅವರದೇ ಇನ್ನೊಂದು ಚೀಟಿ ಅಂಟಿಸೋಕೆ ಹೇಳಬಹುದು. ಅದು ಅವರ ಗೋದಾಮಿನ ಗುರುತು, ಬೇರೆ ಕಡೆ ನಡೆಯಲ್ಲ.

ಇನ್ನೂರು, ಮುನ್ನೂರು ರೂಪಾಯಿಯ ಬಾರ್‌ಕೋಡ್ ವಿಚಾರ ಖಡಾಖಂಡಿತ ಹೇಳ್ತೀನಿ: ತಗೋಬೇಡ್ರಿ. ಗೆರೆಯ ಚಿತ್ರ ಯಾವ ಕಂಪ್ಯೂಟರಲ್ಲಾದ್ರೂ ಬಿಟ್ಟಿ ಬರುತ್ತೆ. ಬೆಲೆ ಇರೋದು ನಂಬರಿಗೆ, ಅದಕ್ಕಿಂತ ಹೆಚ್ಚು ಆ ನಂಬರು ಯಾರ ಹೆಸರಲ್ಲಿ ದಾಖಲಾಗಿದೆ ಅನ್ನೋದಕ್ಕೆ. ಅಗ್ಗಕ್ಕೆ ಸಿಗೋದು ಬಹಳ ಸಲ ಬೇರೆ ಯಾವುದೋ ಕಂಪನಿ ಹಿಂದೆ ಪಡೆದ ನಂಬರು. ಮಾರುಕಟ್ಟೆಯೋರು ಜಿಎಸ್‌1 ದಾಖಲೆಗೆ ತಾಳೆ ಹಾಕಿದಾಗ ನಿಮ್ಮ ಹೆಸರು ಬರಲ್ಲ, ಸರಕು ಪಟ್ಟಿಯಿಂದ ಹೊರಗೆ. ಸರ್ವೆ ನಂಬರ್ ಬರೆದ ಚೀಟಿ ಕೈಲಿದ್ದ ಮಾತ್ರಕ್ಕೆ ಹೊಲ ನಮ್ಮದಾಗಲ್ಲ, ಪಹಣಿಯಲ್ಲಿ ಯಾರ ಹೆಸರಿದೆ ಅನ್ನೋದು ಮುಖ್ಯ. ಇದೂ ಹಂಗೇ. ವೆರಿಫೈಡ್ ಬೈ ಜಿಎಸ್‌1 ಅಂತ ಅವರ ವೆಬ್‌ಸೈಟ್‌ನಲ್ಲಿ ನಂಬರು ಹಾಕಿದ್ರೆ ಯಾರದು ಅಂತ ತೋರಿಸುತ್ತೆ. ದುಡ್ಡು ಕೊಡೋ ಮುಂಚೆ ನೋಡ್ರಿ.

ನೇರವಾಗಿ ಜಿಎಸ್‌1 ಇಂಡಿಯಾದಿಂದ ತಗೊಂಡ್ರೆ ಶುಲ್ಕ ನಿಮ್ಮ ವಹಿವಾಟು ಮತ್ತು ಎಷ್ಟು ನಂಬರು ಬೇಕು ಅನ್ನೋದರ ಮೇಲೆ ಹೋಗುತ್ತೆ, ನವೀಕರಣವೂ ಇರುತ್ತೆ. ಇಲ್ಲಿ ಬಹಳ ಜನರ ಲೆಕ್ಕ ತಪ್ಪುತ್ತೆ. ಹುಣಸೆಹಣ್ಣಿಗೆ ಒಂದು ನಂಬರು ಅಲ್ಲ. ಕಾಲು ಕೆಜಿ, ಅರ್ಧ ಕೆಜಿ, ಒಂದು ಕೆಜಿ, ಮೂರಕ್ಕೂ ಬೇರೆ ಬೇರೆ. ಖಾರದ ಚಟ್ನಿಪುಡಿಗೆ ಒಂದು, ಸಪ್ಪೆಗೆ ಒಂದು. ಎರಡು ಪೊಟ್ಟಣ ಸೇರಿಸಿ ಕಟ್ಟಿದ ಜೋಡಿಗೂ ಇನ್ನೊಂದು. ಬೆಲೆ ಬದಲಾದ್ರೆ, ಹೊಸ ಬ್ಯಾಚ್ ಬಂದ್ರೆ ಮಾತ್ರ ಹೊಸ ನಂಬರು ಬೇಡ. ನಾಲ್ಕು ಸರಕು, ಮೂರು ಅಳತೆ ಅಂದ್ರೆ 12 ನಂಬರು. ಮೊದಲು ಹಾಳೆಯಲ್ಲಿ ಇದನ್ನು ಬರೆದು ಆಮೇಲೆ ಅರ್ಜಿ ಹಾಕ್ರಿ.

ಅಚ್ಚಿನ ವಿಷಯದಲ್ಲೂ ಎರಡು ಮಾತು. ಬಿಳಿಯ ಮೇಲೆ ಕಪ್ಪು ಗೆರೆ ಉತ್ತಮ. ಚೆಂದ ಕಾಣುತ್ತೆ ಅಂತ ಕೆಂಪು ಗೆರೆ ಹಾಕಿಸಬೇಡ್ರಿ. ಅಂಗಡಿಯ ಮಷೀನಿನ ಬೆಳಕೇ ಕೆಂಪು, ಅದಕ್ಕೆ ಕೆಂಪು ಗೆರೆ ಕಾಣೋದೇ ಇಲ್ಲ. ಪೂರ್ತಿ ಅಳತೆ ಸುಮಾರು 37 ಮಿ.ಮೀ. ಅಗಲ, 26 ಮಿ.ಮೀ. ಎತ್ತರ. ಅದರ ಶೇ. 80ಕ್ಕಿಂತ ಚಿಕ್ಕದು ಬೇಡ. ಎರಡೂ ಪಕ್ಕ ಖಾಲಿ ಜಾಗ ಬಿಡಬೇಕು, ಕವರ್ ಮಡಚೋ ಕಡೆ, ಸೀಲ್ ಮಾಡೋ ಕಡೆ ಹಾಕಬಾರದು.

ಇನ್ನು ನಾನು ಮೊದಲಿಗೆ ಹೇಳಿದ ಚಿಂತೆ. "ಬಾರ್‌ಕೋಡ್ ನಂದು, ಮಾಲು ನಿಂದು" ಅನ್ನೋ ಒಪ್ಪಂದ ನೋಡೋಕೆ ಸಲೀಸು. ನಮಗೆ ಅರ್ಜಿ ಇಲ್ಲ, ಶುಲ್ಕ ಇಲ್ಲ. ಆದ್ರೆ ಆನ್‌ಲೈನ್‌ನಲ್ಲಿ ಗಿರಾಕಿ ಕೊಟ್ಟ ಸ್ಟಾರು, ಬರೆದ ಎರಡು ಒಳ್ಳೆ ಮಾತು, ಎಲ್ಲ ಕೂಡೋದು ಆ ಸರಕಿನ ಪುಟದಲ್ಲಿ. ನಮ್ಮ ಹೆಣ್ಮಕ್ಕಳು ಹಗಲೆಲ್ಲ ಕೂತು ಬೀಜ, ನಾರು ತೆಗೆದು ಕೊಟ್ಟ ಹುಣಸೆಹಣ್ಣಿಗೆ ಸಾವಿರ ಜನ "ಚೆನ್ನಾಗಿದೆ" ಅಂದ್ರು ಅಂತ ಇಟ್ಕೊಳ್ರಿ. ಮೂರನೇ ವರ್ಷ ವ್ಯಾಪಾರಿ ಬೇರೆ ಕಡೆ ಅಗ್ಗಕ್ಕೆ ಸಿಕ್ತು ಅಂತ ನಮ್ಮನ್ನು ಬಿಟ್ರೆ, ನಂಬರು ಅವನದು, ಪುಟ ಅವನದು, ಆ ಸಾವಿರ ಮಾತೂ ಅವನದು. ನಾವು ಮತ್ತೆ ಸೊನ್ನೆಯಿಂದ. ಕೋರಿಗೆ ಹೊಲ ಮಾಡಿ ಬದು ಕಟ್ಟಿ, ಗೊಬ್ಬರ ಹಾಕಿ, ಹೊಲ ಹದಕ್ಕೆ ಬಂದ ಮೇಲೆ ಬಿಟ್ಟು ಎದ್ದ ಹಾಗೆ.

ಇದಕ್ಕೆ ಎದುರು ಮಾತೂ ಇದೆ, ಅದು ಸುಳ್ಳಲ್ಲ. "ನಮ್ಮ ಮೆಕ್ಕೆಜೋಳ, ಉಳ್ಳಾಗಡ್ಡಿ ಎಪಿಎಂಸಿಗೆ ಹೋಗ್ತದ, ಇದೆಲ್ಲ ಯಾಕ ಬೇಕು?" ಅಂತ ಕೇಳ್ತಾರೆ. ಬೇಡವೇ ಬೇಡ. ಚೀಲದಲ್ಲಿ ಹೋಗೋ ಮಾಲಿಗೆ ಬಾರ್‌ಕೋಡ್ ಹಾಕಿದ್ರೆ ರೇಟು ಒಂದು ರೂಪಾಯಿ ಏರಲ್ಲ. ಹಡಗಲಿ ಮಲ್ಲಿಗೆ ನೋಡ್ರಿ, ಅದಕ್ಕೆ ಭೌಗೋಳಿಕ ಸೂಚಕ ಸಿಕ್ಕಿದೆ. ಹೂವು ಬೆಳಗ್ಗೆ ಬಿಡಿಸಿ ಮಾರೋದು, ಬಾರ್‌ಕೋಡ್ ಅದಕ್ಕೆ ಬೇಕಿಲ್ಲ. ಆ ಸೂಚಕ ಯಾವ ಸೀಮೆಯ ಬೆಳೆ ಅಂತ ಹೇಳುತ್ತೆ, ಬಾರ್‌ಕೋಡ್ ಯಾವ ಕಂಪನಿಯ ಪೊಟ್ಟಣ ಅಂತ ಹೇಳುತ್ತೆ, ಟ್ರೇಡ್‌ಮಾರ್ಕ್ ಹೆಸರನ್ನು ಕಾಯುತ್ತೆ. ಮೂರೂ ಬೇರೆ. ಬಾರ್‌ಕೋಡ್ ತಗೊಂಡ್ವಿ, ಇನ್ನು ನಮ್ಮ ಹೆಸರು ಯಾರೂ ಕದಿಯಲ್ಲ ಅಂತ ತಿಳಿಯೋದೂ ಬೇಡ.

ಹಂಗಾಗಿ ನನ್ನ ಮಾತು ಇಷ್ಟು. ಒಬ್ಬೊಬ್ಬರೇ ರೈತರು ಜಿಎಸ್‌1ಗೆ ದುಡ್ಡು ಕಟ್ಟೋದು ದಂಡ. ಆದ್ರೆ ತಾಲ್ಲೂಕಿನ ರೈತ ಉತ್ಪಾದಕ ಕಂಪನಿ ಅಥವಾ ಮಹಿಳಾ ಸಂಘಗಳ ಒಕ್ಕೂಟ ತನ್ನ ಹೆಸರಲ್ಲಿ ಒಂದು ಸಲ ತಗೊಂಡು, ಸದಸ್ಯರ ಸರಕಿಗೆಲ್ಲ ಹಂಚಿದ್ರೆ ಖರ್ಚೂ ಹಗುರ, ಹೆಸರೂ ನಮ್ಮಲ್ಲೇ. ವ್ಯಾಪಾರಿ ಬೇಡ ಅಂತಲ್ಲ, ಮಾರೋ ಕೆಲಸ ಅವನು ಮಾಡಲಿ, ನಮ್ಮ ನಂಬರಿನ ಪೊಟ್ಟಣ ಮಾರಲಿ. ಯಾವ ನಂಬರು ಯಾವ ಸರಕಿನದು ಅಂತ ಒಂದು ರಿಜಿಸ್ಟರ್ ಇಡ್ರಿ. ಪಾಸ್‌ವರ್ಡು, ಇಮೇಲು ಕಂಪ್ಯೂಟರ್ ಗೊತ್ತಿರೋ ಒಬ್ಬ ಹುಡುಗನ ಸ್ವಂತ ಫೋನಿನಲ್ಲಿ ಉಳಿಯಬಾರದು, ಸಂಘದ ಹೆಸರಲ್ಲೇ ಇರಬೇಕು. ಆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ ದಿನ ಸಂಘ ಕುರುಡಾಗಬಾರದು.

1974ರ ಜೂನ್ 26ರಂದು ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಊರಿನ ಅಂಗಡಿಯಲ್ಲಿ ಒಂದು ಚೂಯಿಂಗ್ ಗಮ್ ಪೊಟ್ಟಣದ ಮೇಲೆ ಈ ಗೆರೆ ಮೊದಲ ಸಲ ಓದಿಸಿದ್ರು. ಈಗ ಗೆರೆಯ ಜೊತೆ ಕ್ಯೂಆರ್ ಥರದ ಚೌಕವನ್ನೂ 2027ರ ಕೊನೆಗೆ ಅಂಗಡಿ ಮಷೀನುಗಳು ಓದುವಂತಾಗಬೇಕು ಅಂತ ಜಿಎಸ್‌1 ಓಡಾಡ್ತಿದೆ. ಅದರಲ್ಲಿ ಬ್ಯಾಚು, ತಾರೀಖೂ ಕೂರ್ತವೆ. ಆದ್ರೆ ಒಳಗಿರೋ ನಂಬರು ಇದೇ. ಇವತ್ತು ನಮ್ಮ ಹೆಸರಲ್ಲಿ ತಗೊಂಡದ್ದು ನಾಳೆ ಹಾಳಾಗಲ್ಲ.

ಮುಂದಿನ ಮೀಟಿಂಗ್‌ನಲ್ಲಿ ಯಾರಾದ್ರೂ "ಬಾರ್‌ಕೋಡ್ ಸಿಕ್ಕೈತಿ" ಅಂದ್ರೆ ಚಪ್ಪಾಳೆ ಹೊಡೆಯೋ ಮುಂಚೆ ಒಂದೇ ಪ್ರಶ್ನೆ ಕೇಳ್ರಿ: "ಯಾರ ಹೆಸರಲ್ಲಿ?" ನಿಮ್ಮ ಸಂಘದಲ್ಲಿ ಈಗಾಗಲೇ ಮಾಡಿಸಿದ್ರೆ ಎಷ್ಟು ನಂಬರಿಗೆ ಎಷ್ಟು ಖರ್ಚಾಯ್ತು ಅಂತ ಕೆಳಗೆ ಬರೀರಿ, ಉಳಿದೋರಿಗೆ ದಾರಿ ಆಗುತ್ತೆ.