ಎಲ್ಲ ಕಾಲಮ್‌ಗೂ ಇಂಡೆಕ್ಸ್ ಬೇಡ

ಕಾಲೇಜಿನ ವಿದ್ಯಾರ್ಥಿಗಳ ದಾಖಲೆಗೆ ಡೇಟಾಬೇಸ್ ಮಾಡುವ ಪ್ರಾಜೆಕ್ಟ್ ನಮ್ಮ ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ ನಡೆಯುತ್ತಿದೆ. ಹುಡುಕಿದ್ದು ತಕ್ಷಣ ಸಿಗಲಿ, ಎಲ್ಲ ಕಾಲಮ್‌ಗೂ ಇಂಡೆಕ್ಸ್ ಹಾಕಿಬಿಡೋಣ ಎಂಬುದು ಹೆಚ್ಚಿನವರ ಮಾತು. ನಾನಿದನ್ನು ಒಪ್ಪುವುದಿಲ್ಲ.

ಪುಸ್ತಕದ ಕೊನೆಯಲ್ಲಿರುವ ಪದಸೂಚಿ ಒಮ್ಮೆ ಅಚ್ಚಾದರೆ ಮುಗಿಯಿತು. ಡೇಟಾಬೇಸಿನ ಇಂಡೆಕ್ಸ್ ಹಾಗಲ್ಲ, ದಾಖಲೆ ಬದಲಾದಂತೆ ಅದೂ ಬದಲಾಗಬೇಕು. ಹೆಚ್ಚಿನ ಕಡೆ ಅದು ಬಿ-ಟ್ರೀ ರೂಪದಲ್ಲಿರುತ್ತದೆ. ಬೋಯಿಂಗ್ ಕಂಪನಿಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರ ಸುಮಾರಿಗೆ ರೂಪಿಸಿದ್ದು ಇದು. ಹೆಸರುಗಳು ಅಕ್ಷರಕ್ರಮದಲ್ಲಿ ಪುಟ ಪುಟಗಳಲ್ಲಿ ಕೂತಿರುತ್ತವೆ. ತುಂಬಿದ ಪುಟಕ್ಕೆ ಹೊಸ ಹೆಸರು ಬಂದರೆ ಆ ಪುಟ ಎರಡಾಗುತ್ತದೆ. ಅದರ ಮೇಲಿನ ಪುಟದಲ್ಲೂ ಹೊಸ ದಾರಿ ಬರೆಯಬೇಕು. ಅದೂ ತುಂಬಿದ್ದರೆ ಅದನ್ನೂ ಒಡೆಯಬೇಕು.

ನಮ್ಮಲ್ಲೇ ನಡೆಯುವುದನ್ನು ನೋಡಿ. ಆಧಾರ್‌ನಲ್ಲಿ ‘ಮೊಹಮ್ಮದ್’, ಅಂಕಪಟ್ಟಿಯಲ್ಲಿ ‘ಮುಹಮ್ಮದ್’. (ಮಹಮ್ಮದ್, ಮಹಮದ್ ಎಂದು ಬರೆಯುವವರೂ ನಮ್ಮ ನಡುವೆ ಇದ್ದಾರೆ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ.) ಸ್ಕಾಲರ್‌ಶಿಪ್ ಅರ್ಜಿಗಾಗಿ ಆಫೀಸಿನವರು ಒಂದಕ್ಷರ ತಿದ್ದುತ್ತಾರೆ. ಇಂಡೆಕ್ಸಿಗೆ ಅದು ಎರಡು ಕೆಲಸ: ಹಳೆಯ ಜಾಗದಿಂದ ತೆಗೆಯುವುದು, ಹೊಸ ಜಾಗದಲ್ಲಿ ಸೇರಿಸುವುದು. ಮೈಎಸ್‌ಕ್ಯೂಎಲ್ ಹಳೆಯದಕ್ಕೆ ಅಳಿಸಿದ ಗುರುತು ಹಾಕಿ ಹೊಸದನ್ನು ಬರೆದುಕೊಳ್ಳುತ್ತದೆ. ಗುಡಿಸುವ ಕೆಲಸ ಆಮೇಲೆ. ದಾಖಲೆ ತಿದ್ದಿ ಇಂಡೆಕ್ಸ್ ತಿದ್ದದಿದ್ದರೆ, ಅರ್ಜಿಯ ಕೊನೆಯ ದಿನ ಹೆಸರು ಹುಡುಕಿದಾಗ ‘ಇಲ್ಲ’ ಎಂದು ಬಂದೀತು. ಅದಕ್ಕೇ ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ನಡೆಯುತ್ತವೆ. ನಡುವೆ ಕರೆಂಟ್ ಹೋದರೆ ಎರಡೂ ಆಗಿಲ್ಲವೆಂದೇ ಲೆಕ್ಕ. ಈ ಶ್ರಮಕ್ಕೆ ನನ್ನ ತಕರಾರಿಲ್ಲ. ಹೆಸರು ಬದಲಾಗುವುದು ಅಪರೂಪ, ಅದನ್ನು ಹುಡುಕುವುದು ದಿನವೂ ಇದ್ದದ್ದೇ.

ತಕರಾರು ಇರುವುದು ಹಾಜರಾತಿ ಕಾಲಮ್ ಬಗ್ಗೆ. ಬಂದ ದಿನಗಳ ಲೆಕ್ಕ ದಿನವೂ ಬದಲಾಗುತ್ತದೆ. ನಾವು ಬಳಸುತ್ತಿರುವ ಪೋಸ್ಟ್‌ಗ್ರೆಸ್‌ನಲ್ಲಿ ಅಪ್‌ಡೇಟ್ ಎಂದರೆ ಇಡೀ ಸಾಲಿನ ಹೊಸ ಪ್ರತಿ. ಬದಲಾದ ಕಾಲಮ್‌ಗೆ ಇಂಡೆಕ್ಸ್ ಇಲ್ಲದೆ, ಅದೇ ಪುಟದಲ್ಲಿ ಜಾಗವಿದ್ದರೆ, ಇಂಡೆಕ್ಸ್‌ಗಳನ್ನು ಮುಟ್ಟಬೇಕಿಲ್ಲ. 2008ರಲ್ಲಿ ಬಂದ 8.3 ಆವೃತ್ತಿಯಿಂದ ಈ ಅನುಕೂಲವಿದೆ. ಹಾಜರಾತಿಗೆ ಇಂಡೆಕ್ಸ್ ಹಾಕಿದಿರೋ, ಅದು ಹೋಯಿತು. ಹೆಸರು ಬದಲಾಗದಿದ್ದರೂ ಹೆಸರಿನ ಇಂಡೆಕ್ಸಿಗೂ ದಿನವೂ ಹೊಸ ನಮೂದು! ಹಳೆಯವು ವ್ಯಾಕ್ಯೂಮ್ ಬರುವವರೆಗೆ ಕಸವಾಗಿ ಬಿದ್ದಿರುತ್ತವೆ. ಇಷ್ಟೆಲ್ಲ ಯಾತಕ್ಕೆ? ಶೇ. 75ಕ್ಕಿಂತ ಕಡಿಮೆ ಹಾಜರಾತಿ ಇರುವವರ ಪಟ್ಟಿ ವರ್ಷದಲ್ಲಿ ಕೆಲವೇ ಸಲ ತೆಗೆಯಲು.

‘ನಮ್ಮದು ಚಿಕ್ಕ ಪಟ್ಟಿ, ಏನು ನಷ್ಟ?’ ಎನ್ನುವ ಗೆಳೆಯರಿದ್ದಾರೆ. ಚಿಕ್ಕದಾದರೆ ಇಡೀ ಪಟ್ಟಿ ಓದುವುದೂ ಕ್ಷಣದ ಕೆಲಸವಲ್ಲವೇ?

ನೋಂದಣಿ ಸಂಖ್ಯೆ ಪ್ರೈಮರಿ ಕೀ ಆಗಿರಲಿ, ಹೆಸರಿಗೊಂದು ಇಂಡೆಕ್ಸ್ ಇರಲಿ. ಬೇರೆ ಯಾವುದಾದರೂ ಹುಡುಕಾಟ ನಿಜಕ್ಕೂ ನಿಧಾನವಾದರೆ ಆಗ ಸೇರಿಸೋಣ. ‘ಕ್ರಿಯೇಟ್ ಇಂಡೆಕ್ಸ್’ ಒಂದು ಸಾಲಿನ ಆದೇಶವಷ್ಟೆ.