ಹಿಟ್ಟಿಲ್ಲದ ಒರಳಿನ ಸದ್ದು



ಹೋದ ಸಂಚಿಕೆಯಲ್ಲಿ ಹುರುಳಿಕಾಳಿನ ಬಸ್ಸಾರು ಬರೆದಿದ್ದೆ. ಈ ಸಲ ಕಾರಿನ ವಿಷಯ. “ಗಂಡಸರ ಪಾಡು ಇವಳಿಗ್ಯಾಕೆ” ಅಂತ ಪುಟ ತಿರುವಬೇಡಿ. ಅದರಲ್ಲಿ ಕೂರುವವರು ನಾವೂ ತಾನೇ?

ನಮ್ಮ ಮಾದನಾಯಕನಹಳ್ಳಿ ಇರುವುದು ತುಮಕೂರು ರಸ್ತೆಯಲ್ಲಿ. ಹಗಲೂ ರಾತ್ರಿ ಲಾರಿ. ನಮ್ಮ ಯಜಮಾನರು ಪೀಣ್ಯದ ಕೆಲಸಕ್ಕೆ ಹೋಗಿಬರುವುದು ಒಂದು ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ. ಎಂಟನೇ ಮೈಲಿ ದಾಟುವಷ್ಟರಲ್ಲಿ ನೂರು ಸಲ ಬ್ರೇಕ್ ಒತ್ತಬೇಕು.

ಹೋದ ತಿಂಗಳು ತರಕಾರಿ ತರಲು ನೆಲಮಂಗಲಕ್ಕೆ ಹೋದಾಗ ಮುಂದಿನ ಚಕ್ರದ ಕಡೆಯಿಂದ ಕರಕರ ಅಂತ ಸದ್ದು ಬಂತು. ಒರಳಿಗೆ ಅಕ್ಕಿ ಹಾಕದೆ ಗುಂಡು ತಿರುಗಿಸಿದರೆ ಕಲ್ಲಿಗೆ ಕಲ್ಲು ಉಜ್ಜುತ್ತಲ್ಲ, ಥೇಟ್ ಹಾಗೆ. “ರೀ, ಏನೋ ಸದ್ದು” ಅಂದೆ. “ಹಳೇ ಗಾಡಿ ಕಣೇ, ಸದ್ದು ಮಾಡದೆ ಇರುತ್ತಾ?” ಅಂತ ರೇಡಿಯೋ ಜೋರು ಮಾಡಿದರು.

ಆದರೆ ಮುಂದಿನ ಶುಕ್ರವಾರ ತುಮಕೂರಿನಿಂದ ಮಗಳನ್ನು ಹೆರಿಗೆಗೆ ಕರೆತರಬೇಕಿತ್ತು. ಏಳು ತುಂಬಿದ ಬಸುರಿ. ನನಗೆ ನಿದ್ದೆ ಹತ್ತಲಿಲ್ಲ.

ಮಿಕ್ಸಿ ಸದ್ದು ಮಾಡಿದರೆ ನಾವೇನು ಮಾಡುತ್ತೇವೆ? ಖಾಲಿ ಓಡಿಸಿದಾಗ ಬರುತ್ತೋ, ಜಾರ್ ಇಟ್ಟಾಗ ಬರುತ್ತೋ ಅಂತ ನೋಡುತ್ತೇವೆ. ಇಲ್ಲೂ ಅದೇ ಲೆಕ್ಕ. ಎರಡು ದಿನ ಏನೇನೋ ನೆಪ ಹೇಳಿ ಪಕ್ಕದಲ್ಲಿ ಕೂತು ಹೋದೆ. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡೆ: ಸುಮ್ಮನೆ ಓಡುವಾಗ ಇಲ್ಲ. ತಿರುಗಿಸುವಾಗ ಇಲ್ಲ. ಬ್ರೇಕ್ ಒತ್ತಿದಾಗ ಮಾತ್ರ. ಎಡಗಡೆ.

ಮಾಕಳಿಯ ಗ್ಯಾರೇಜಿನ ಹುಡುಗ ಅದನ್ನು ಓದಿ, “ಅಕ್ಕ, ಅರ್ಧ ಕೆಲಸ ನೀವೇ ಮಾಡಿದೀರ” ಅಂದ. ಬಿಡುತ್ತೇನೆಯೇ, ಕೂತು ಎಲ್ಲಾ ಕೇಳಿಕೊಂಡೆ.

ಚಕ್ರದ ಬೇರಿಂಗ್ ಹೋಗಿದ್ದರೆ ಗುಂಯ್ ಅನ್ನುವ ಸದ್ದು ಬರುತ್ತೆ. ವೇಗ ಏರಿದ ಹಾಗೆ ಅದೂ ಏರುತ್ತೆ, ಒಂದು ಪಕ್ಕಕ್ಕೆ ತಿರುಗಿದಾಗ ಜಾಸ್ತಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅಂದರೆ ಆಕ್ಸಲ್ ಜಾಯಿಂಟು. ಅದರ ರಬ್ಬರ್ ಬೂಟು ಹರಿದು ಗ್ರೀಸ್ ಸೋರಿಹೋಗಿರುತ್ತೆ. ಹಳೇ ಅಂಬಾಸಿಡರ್‌ಗೆ ಈ ಕಾಟ ಇರಲಿಲ್ಲ. ಅದನ್ನು ಓಡಿಸುತ್ತಿದ್ದುದು ಹಿಂದಿನ ಚಕ್ರ. 1983ರಲ್ಲಿ ಬಂದ ಮಾರುತಿ 800ರ ಹಾಗೆ ಈಗಿನ ಸಣ್ಣ ಕಾರುಗಳನ್ನು ಹೆಚ್ಚಾಗಿ ಎಳೆಯುವುದು ಮುಂದಿನ ಚಕ್ರಗಳೇ. ಇನ್ನು ಡಿಸ್ಕಿನ ಹಿಂದಿನ ತಗಡಿಗೆ ಸಣ್ಣ ಕಲ್ಲು ಸಿಕ್ಕರೂ ಕಿವಿ ಹರಿಯುವ ಹಾಗೆ ಸದ್ದು ಬರುತ್ತೆ. ಕೆಲವು ಸಲ ರಿವರ್ಸ್ ತೆಗೆದರೆ ಉದುರಿಹೋಗುತ್ತಂತೆ.

ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಮೊದಲು ನೋಡಬೇಕಾದ್ದು ಬ್ರೇಕ್ ಪ್ಯಾಡು. ಬಸ್ಸು ಗಕ್ಕನೆ ನಿಂತಾಗ ನಾವು ಮುಂದಕ್ಕೆ ವಾಲುವುದಿಲ್ಲವೆ? ಹಾಗೇ ಗಾಡಿಯ ಭಾರವೂ ಮುಂದಕ್ಕೆ ಬೀಳುವುದರಿಂದ ಮುಂದಿನ ಪ್ಯಾಡು ಬೇಗ ಸವೆಯುತ್ತೆ. ಹೊಸದು ಸುಮಾರು 10 ಮಿಲಿಮೀಟರ್ ದಪ್ಪ. 3ಕ್ಕೆ ಇಳಿದರೆ ಬದಲಾಯಿಸಬೇಕು. ಕೆಲವು ಪ್ಯಾಡುಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತೆ. ಸವೆದಾಗ ಅದು ಡಿಸ್ಕಿಗೆ ತಾಗಿ ಕೀಚ್ ಅಂತ ಮೊದಲೇ ಹೇಳುತ್ತೆ. ಆಗ ಕೇಳಿಸಿಕೊಳ್ಳದಿದ್ದರೆ ಆಮೇಲೆ ಬರುವುದೇ ಈ ಕರಕರ: ಕಬ್ಬಿಣಕ್ಕೆ ಕಬ್ಬಿಣ.

ಚಕ್ರ ಬಿಚ್ಚಿದ. ಹೊರಗಿನ ಪ್ಯಾಡು ಇನ್ನೂ ಒಂದಿಷ್ಟು ಇತ್ತು. ಒಳಗಿನದು ಪೂರ್ತಿ ಸವೆದು ಬರೀ ತಗಡು! ಪ್ಯಾಡು ಸರಿಯಾಗಿ ಕೂರಲು ಜಾರಾಡುವ ಪಿನ್ನು ತುಕ್ಕು ಹಿಡಿದು ಸಿಕ್ಕಿಕೊಂಡಿತ್ತಂತೆ. ಹೊರಗಿಂದ ಬಗ್ಗಿ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಡಿಸ್ಕಿನ ಮೇಲೆ ಉಗುರು ಸಿಕ್ಕುವಷ್ಟು ಗೀರು. ಯಜಮಾನರು ಮುಟ್ಟಿ ನೋಡಿ ಸುಮ್ಮನಾದರು.

ಪ್ಯಾಡಿನಲ್ಲಿ ಮುಗಿಯಬೇಕಿದ್ದ ಖರ್ಚಿಗೆ ಡಿಸ್ಕೂ ಸೇರಿತು. ಎಡಕ್ಕೆ ಹಾಕಿದರೆ ಬಲಕ್ಕೂ ಹಾಕಲೇಬೇಕು, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತೆ. ಚೀಟಿ ದುಡ್ಡು ತೆಗೆದುಕೊಟ್ಟೆ. ಇನ್ನೊಂದು ಮಾತು, ಹೊಸ ಪ್ಯಾಡು ಹಾಕಿಸಿದ ಮೇಲೆ ಗಾಡಿ ಹೊರಡಿಸುವ ಮೊದಲೇ ಪೆಡಲನ್ನು ನಾಲ್ಕಾರು ಸಲ ಒತ್ತಿ ಗಟ್ಟಿಯಾಗಿದೆಯೇ ಅಂತ ನೋಡಬೇಕು. ಮೊದಲ ಒತ್ತಿಗೆ ಅದು ನೆಲ ಮುಟ್ಟುತ್ತೆ.

ಶುಕ್ರವಾರ ಮಗಳನ್ನು ಕರೆತಂದೆವು. ದಾಬಸ್‌ಪೇಟೆ ಹತ್ತಿರ ಮುಂದಿನ ಲಾರಿ ಇದ್ದಕ್ಕಿದ್ದಂತೆ ನಿಂತಿತು. ನಮ್ಮ ಗಾಡಿಯೂ ಸದ್ದಿಲ್ಲದೆ ನಿಂತಿತು. ಹಿಂದೆ ಮಲಗಿದ್ದ ಮಗಳಿಗೆ ಎಚ್ಚರವೇ ಆಗಲಿಲ್ಲ.

ಮುಂದಿನ ಸಂಚಿಕೆಗೆ ಅಂಟಿನುಂಡೆ. ಕೊಬ್ಬರಿ ಈಗಲೇ ತಂದಿಟ್ಟಿದ್ದೇನೆ.